ಹಳೇ ಡೀಸೆಲ್ ಪಿಕಪ್ ಬ್ರೇಕ್ ನಂಬೋ ಹಾಗಿಲ್ವಾ? ದೋಷ ಎಲ್ಲಿದೆ ಅಂತ ಪೆಡಲ್ಲೇ ಹೇಳುತ್ತೆ

ಬೆಳಿಗ್ಗೆ ಖಾಲಿ ಗಾಡಿ ತೆಗೆದಾಗ ಬ್ರೇಕ್ ಚೆನ್ನಾಗೇ ಹಿಡಿಯುತ್ತೆ. ಟೊಮೆಟೊ ಕ್ರೇಟ್ ಪೇರಿಸಿಕೊಂಡು ಮಂಡಿ ಕಡೆ ಹೊರಟರೆ ಮೂರನೇ ಇಳಿಜಾರಿನಲ್ಲಿ ಪೆಡಲ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ. ಇಲ್ಲವೇ ಕಲ್ಲು ತುಳಿದ ಹಾಗೆ ಗಟ್ಟಿಯಾಗುತ್ತೆ, ಗಾಡಿ ಮಾತ್ರ ನಿಲ್ಲೋದಿಲ್ಲ. ಮರುದಿನ ಗ್ಯಾರೇಜಿಗೆ ಒಯ್ದರೆ ಅಲ್ಲಿ ಮತ್ತೆ ಎಲ್ಲಾ ಸರಿ! ಮೆಕ್ಯಾನಿಕ್ ಲೈನರ್ ಬದಲಿಸ್ತಾರೆ, ಒಂದು ತಿಂಗಳಿಗೆ ಮಾಸ್ಟರ್ ಸಿಲಿಂಡರ್ ಬದಲಿಸ್ತಾರೆ, ಆಮೇಲೆ ಬೂಸ್ಟರ್. ದುಡ್ಡು ಹೋಗುತ್ತೆ, ನಂಬಿಕೆ ಬರೋದಿಲ್ಲ.

ಹತ್ತು ಹನ್ನೆರಡು ವರ್ಷ ದಾಟಿದ ಪಿಕಪ್ ಇಟ್ಟುಕೊಂಡಿರುವ ರೈತರಲ್ಲಿ ಇದು ಸಾಮಾನ್ಯ ದೂರು. ಈ ವಾರದ ಲೇಖನದ ಮಾತು ಒಂದೇ: ಯಾವ ಬಿಡಿಭಾಗವನ್ನೂ ಕೊಳ್ಳುವ ಮೊದಲು ಮನೆ ಅಂಗಳದಲ್ಲೇ ಪೆಡಲ್ ಪರೀಕ್ಷೆ ಮಾಡಿ. ಕಾಲು ಗಂಟೆ ಸಾಕು, ಉಪಕರಣ ಏನೂ ಬೇಡ. ಪೆಡಲ್ ಗಟ್ಟಿಯಾಗಿದೆಯೋ, ಮೆತ್ತಗಿದೆಯೋ, ನಿಧಾನಕ್ಕೆ ಕುಸಿಯುತ್ತೋ ಎಂಬುದರಲ್ಲೇ ದೋಷದ ಜಾಗ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತೆ.

ಮೊದಲು ಮೂರು ಭಾಗ ತಿಳಿದಿರಲಿ

ಬೊಲೆರೊ ಪಿಕಪ್, ಟಾಟಾ 207 ತರಹದ ಗಾಡಿಗಳಲ್ಲಿ ಬ್ರೇಕ್ ಕೆಲಸ ಮೂರು ಹಂತದಲ್ಲಿ ನಡೆಯುತ್ತೆ.

1. ಬಲ: ನಿಮ್ಮ ಕಾಲಿನ ಬಲವನ್ನು ಬೂಸ್ಟರ್ ಹೆಚ್ಚಿಸುತ್ತೆ. ಬಾನೆಟ್ ತೆಗೆದರೆ ಡ್ರೈವರ್ ಕಡೆ ಕಾಣುವ ದೊಡ್ಡ ದುಂಡನೆ ಡಬ್ಬಿಯೇ ಅದು. ಇದು ಕೆಲಸ ಮಾಡೋದು ನಿರ್ವಾತದಿಂದ, ಅಂದರೆ ವ್ಯಾಕ್ಯೂಮ್‌ನಿಂದ.
2. ಒತ್ತಡ: ಬೂಸ್ಟರ್ ಮುಂದಿರುವ ಮಾಸ್ಟರ್ ಸಿಲಿಂಡರ್ ಆ ಬಲವನ್ನು ಬ್ರೇಕ್ ಆಯಿಲ್ ಮೂಲಕ ನಾಲ್ಕೂ ಚಕ್ರಕ್ಕೆ ಕಳಿಸುತ್ತೆ.
3. ಉಜ್ಜುವಿಕೆ: ಮುಂದಿನ ಚಕ್ರದಲ್ಲಿ ಡಿಸ್ಕ್ ಮತ್ತು ಪ್ಯಾಡ್, ಹಿಂದಿನ ಚಕ್ರದಲ್ಲಿ ಡ್ರಮ್ ಮತ್ತು ಲೈನರ್. ಗಾಡಿ ನಿಲ್ಲೋದು ಇಲ್ಲಿ.

ಡೀಸೆಲ್ ಗಾಡಿಯಲ್ಲಿ ಒಂದು ವಿಶೇಷ ಇದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ತಾನಾಗೇ ವ್ಯಾಕ್ಯೂಮ್ ಹುಟ್ಟುತ್ತೆ. ಡೀಸೆಲ್ ಎಂಜಿನ್ನಿನಲ್ಲಿ ಆ ದಾರಿ ಸದಾ ತೆರೆದೇ ಇರೋದರಿಂದ ಬೂಸ್ಟರಿಗೆ ಬೇಕಾದಷ್ಟು ವ್ಯಾಕ್ಯೂಮ್ ಸಿಗಲ್ಲ. ಅದಕ್ಕೇ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಕೊಟ್ಟಿರ್ತಾರೆ. ಹಳೇ ಪಿಕಪ್‌ಗಳಲ್ಲಿ ಹೆಚ್ಚಾಗಿ ಈ ಪಂಪ್ ಆಲ್ಟರ್ನೇಟರ್‌ನ, ಅಂದರೆ ಗ್ಯಾರೇಜಿನವರು ಡೈನಮೋ ಅನ್ನೋದರ ಹಿಂಭಾಗಕ್ಕೇ ಜೋಡಿಸಿರುತ್ತೆ. ಹೀಗಾಗಿ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಸಡಿಲವಾದರೆ ಚಾರ್ಜ್ ಕಡಿಮೆಯಾಗುವುದರ ಜೊತೆಗೆ ಬ್ರೇಕಿನ ಬಲವೂ ಕುಗ್ಗುತ್ತೆ. ಬೆಲ್ಟ್ ತುಂಡಾದರೆ ಎರಡೂ ಒಟ್ಟಿಗೇ ಹೋಗುತ್ತೆ.

ಇದನ್ನು ಡ್ರೈವರ್‌ಗೂ ಹೇಳಿಡಿ: ಓಡ್ತಾ ಇರುವಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಹೊತ್ತಿಕೊಂಡರೆ "ಮಂಡಿಗೆ ಹೋಗಿ ನೋಡೋಣ" ಅನ್ನಬಾರದು. ಬೂಸ್ಟರ್ ಒಳಗೆ ಉಳಿದಿರುವ ವ್ಯಾಕ್ಯೂಮ್ ಎರಡು ಮೂರು ಸಲ ಬ್ರೇಕ್ ತುಳಿಯೋಕೆ ಮಾತ್ರ ಸಾಕು. ಅಷ್ಟರೊಳಗೆ ಗಾಡಿ ಬದಿಗೆ ಹಾಕಿ ಬೆಲ್ಟ್ ನೋಡಿ.

ಅಂಗಳದ ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಈ ಐದು ಪರೀಕ್ಷೆ ಇದೇ ಕ್ರಮದಲ್ಲಿ ಮಾಡಿ, ಒಂದೊಂದರ ಫಲಿತಾಂಶವನ್ನೂ ಚೀಟಿಯಲ್ಲಿ ಬರೆದುಕೊಳ್ಳಿ.

ಪರೀಕ್ಷೆ 1: ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವ ತನಕ ಐದಾರು ಸಲ ತುಳಿಯಿರಿ. ತುಳಿದು ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ತಾನಾಗೇ ಕೆಳಗಿಳಿಯಬೇಕು. ಇಳಿದರೆ ಬೂಸ್ಟರಿಗೆ ವ್ಯಾಕ್ಯೂಮ್ ಬರ್ತಿದೆ, ಅದು ಕೆಲಸ ಮಾಡ್ತಿದೆ ಎಂದರ್ಥ. ಏನೂ ಬದಲಾಗದಿದ್ದರೆ ದೋಷ ಪಂಪ್, ಪೈಪ್ ಅಥವಾ ಬೂಸ್ಟರ್‌ನಲ್ಲಿದೆ.

ಪರೀಕ್ಷೆ 2: ಎಂಜಿನ್ ಓಡುತ್ತಿರುವಾಗ ಪೆಡಲ್ ತುಳಿದು ಹಿಡಿಯಿರಿ. ಹಿಡಿದುಕೊಂಡೇ ಎಂಜಿನ್ ಆಫ್ ಮಾಡಿ, ಅರ್ಧ ನಿಮಿಷ ಕಾಯಿರಿ. ಪೆಡಲ್ ಇದ್ದಲ್ಲೇ ಇರಬೇಕು. ಕಾಲನ್ನು ಮೇಲಕ್ಕೆ ತಳ್ಳಿಕೊಂಡು ಬಂದರೆ ವ್ಯಾಕ್ಯೂಮ್ ಎಲ್ಲೋ ಸೋರುತ್ತಿದೆ.

ಪರೀಕ್ಷೆ 3: ಎಂಜಿನ್ ಎರಡು ನಿಮಿಷ ಓಡಿಸಿ ಆಫ್ ಮಾಡಿ. ಐದು ನಿಮಿಷ ಬಿಟ್ಟು ಪೆಡಲ್ ತುಳಿಯಿರಿ. ಮೊದಲ ಸಲ ಸಲೀಸಾಗಿ ಇಳಿದು, ಎರಡನೇ ಮೂರನೇ ಸಲ ಗಟ್ಟಿಯಾಗುತ್ತಾ ಬಂದರೆ ಸರಿ. ಮೊದಲನೇ ಸಲವೇ ಗಟ್ಟಿಯಾಗಿದ್ದರೆ ಬೂಸ್ಟರ್ ವ್ಯಾಕ್ಯೂಮ್ ಹಿಡಿದಿಟ್ಟುಕೊಳ್ಳುತ್ತಿಲ್ಲ. ದೂರು ಬೂಸ್ಟರ್, ಅದರ ಒನ್‌ವೇ ವಾಲ್ವ್ ಅಥವಾ ರಬ್ಬರ್ ಪೈಪಿನದು.

ಪರೀಕ್ಷೆ 4: ಎಂಜಿನ್ ಓಡುತ್ತಿರಲಿ. ಪೆಡಲ್ ಬಲವಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಪೆಡಲ್ ನಿಧಾನಕ್ಕೆ ನೆಲದ ಕಡೆ ಕುಸಿಯುತ್ತಾ ಹೋದರೆ ಒತ್ತಡ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಆಯಿಲ್ ಹೊರಗೆ ಸೋರಿರುವ ಗುರುತಿದ್ದರೆ ಆ ಜಾಗವೇ ದೋಷ. ಹೊರಗೆ ಎಲ್ಲೂ ಹಸಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ವಾಷರ್ ಸವೆದು, ಆಯಿಲ್ ಒಳಗೊಳಗೇ ಹಿಂದಕ್ಕೆ ಹೋಗುತ್ತಿದೆ.

ಪರೀಕ್ಷೆ 5: ಪೆಡಲನ್ನು ಒಂದು ಸಲ ಪೂರ್ತಿ ತುಳಿದು ಎಷ್ಟು ಕೆಳಗೆ ಹೋಯಿತು ನೋಡಿ. ಬಿಟ್ಟು ಪಟಪಟ ಅಂತ ಎರಡು ಮೂರು ಸಲ ತುಳಿಯಿರಿ. ಪೆಡಲ್ ಮೇಲೆ ಬಂತಾ? ಬಂದರೆ ಆ ಮೇಲಿನ ಮಟ್ಟದಲ್ಲಿ ಅದು ಹೇಗಿದೆ ನೋಡಿ. ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್‌ನಲ್ಲಿ ಲೈನರ್‌ಗೂ ಡ್ರಮ್‌ಗೂ ಅಂತರ ಜಾಸ್ತಿಯಾಗಿದೆ, ಸೆಟ್ ಮಾಡಬೇಕು. ಮೇಲೆ ಬಂದರೂ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ.

ಇಷ್ಟು ಮಾಡಿದರೆ ದೋಷ ಮೂರರಲ್ಲಿ ಯಾವ ಭಾಗದ್ದು ಅಂತ ಗೊತ್ತಾಯಿತು. ಈಗ ಒಂದೊಂದನ್ನೇ ನೋಡೋಣ.

ಪೆಡಲ್ ಕಲ್ಲಿನ ಹಾಗೆ ಗಟ್ಟಿ

ಪರೀಕ್ಷೆ 1, 2, 3ರಲ್ಲಿ ಫೇಲಾದ ಗಾಡಿ ಇದು. ಲೈನರ್ ಬದಲಿಸಿದರೆ ಏನೂ ಪ್ರಯೋಜನ ಇಲ್ಲ. ಖರ್ಚಿಲ್ಲದ ಕಡೆಯಿಂದ ಶುರು ಮಾಡಿ.

ಬೆಲ್ಟ್: ಎಂಜಿನ್ ಆಫ್ ಮಾಡಿ, ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಸುಮಾರು 1 ಸೆಂಟಿಮೀಟರ್ ಬಾಗಿದರೆ ಸಾಮಾನ್ಯವಾಗಿ ಸರಿ. ಜೋಲಾಡುತ್ತಿದ್ದರೆ ಬಿಗಿ ಮಾಡಿ. ಒಳಮೈ ಬಿರುಕು ಬಿಟ್ಟಿದ್ದರೆ ಅಥವಾ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಿಸಿ.

ರಬ್ಬರ್ ಪೈಪ್: ಪಂಪಿನಿಂದ ಬೂಸ್ಟರ್ ತನಕ ಪೈಪನ್ನು ಕೈಯಲ್ಲಿ ಸವರಿಕೊಂಡು ಹೋಗಿ. ಎಂಜಿನ್ ಬಿಸಿಗೆ ಒಣಗಿ ಸೀಳಿರುತ್ತೆ, ಇಲ್ಲವೇ ಮೆತ್ತಗಾಗಿ ಒಳಕ್ಕೆ ಅಂಟಿಕೊಂಡಿರುತ್ತೆ. ಕಣದ ಪಕ್ಕ, ಗೋದಾಮಿನ ಪಕ್ಕ ನಿಲ್ಲಿಸುವ ಗಾಡಿಯಾದರೆ ಇಲಿ ಕಚ್ಚಿದ ಗುರುತನ್ನೂ ಹುಡುಕಿ.

ಪಂಪ್: ಬೂಸ್ಟರ್ ಕಡೆಯ ತುದಿಯಲ್ಲಿ ಪೈಪ್ ಬಿಚ್ಚಿ, ಎಂಜಿನ್ ಐಡಲ್‌ನಲ್ಲಿ ಓಡಿಸಿ, ಪೈಪಿನ ಬಾಯಿಗೆ ಹೆಬ್ಬೆರಳು ಇಡಿ. ತಿರುಗುವ ಫ್ಯಾನ್, ಬೆಲ್ಟಿನಿಂದ ಬಟ್ಟೆ, ಟವೆಲ್ ದೂರ ಇರಲಿ. ಬೆರಳನ್ನು ಬಲವಾಗಿ ಹೀರಿ ಹಿಡಿಯಬೇಕು. ಎಳೆತ ದುರ್ಬಲವಾಗಿದ್ದರೆ ಪಂಪ್ ಸವೆದಿದೆ. ಈ ಪಂಪಿಗೆ ಎಂಜಿನ್ ಆಯಿಲ್ ಸಣ್ಣ ಪೈಪಿನಲ್ಲಿ ಬರುತ್ತೆ. ಆ ಪೈಪ್ ಕಟ್ಟಿಕೊಂಡರೆ ಪಂಪ್ ಒಣಗಿ ಬೇಗ ಹಾಳಾಗುತ್ತೆ. ಆಲ್ಟರ್ನೇಟರ್ ರಿಪೇರಿ ಮಾಡಿಸಿದ ಮೇಲೆ ಬ್ರೇಕ್ ಗಟ್ಟಿಯಾಯಿತು ಅಂದರೆ ಮೊದಲು ಈ ಜೋಡಣೆಗಳನ್ನೇ ನೋಡಿಸಿ.

ಒನ್‌ವೇ ವಾಲ್ವ್: ಪೈಪ್ ಬೂಸ್ಟರಿಗೆ ಸೇರುವಲ್ಲಿ ಅಥವಾ ಪೈಪಿನ ಮಧ್ಯೆ ಇರುತ್ತೆ. ಬಿಚ್ಚಿ, ಒರೆಸಿ, ಬಾಯಿಂದ ಊದಿ ನೋಡಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಪಂಪ್ ಕಡೆಯಿಂದ ಊದಿದರೆ ಹೋಗಬಾರದು. ಎರಡೂ ಕಡೆ ಹೋದರೆ ಬದಲಿಸಿ. ಈ ಚಿಕ್ಕ ಭಾಗ ಕೆಟ್ಟರೆ ಪಂಪಿನ ಎಂಜಿನ್ ಆಯಿಲ್ ಬೂಸ್ಟರ್ ಒಳಗೆ ಸೇರಿ, ಅದರ ರಬ್ಬರ್ ಪರದೆಯನ್ನೂ ಹಾಳು ಮಾಡಬಹುದು. ಪೈಪಿನ ಬೂಸ್ಟರ್ ತುದಿಯಲ್ಲಿ ಕಪ್ಪು ಎಣ್ಣೆ ಕಂಡರೆ ಅದೇ ಎಚ್ಚರಿಕೆ.

ಇವೆಲ್ಲ ಸರಿಯಿದ್ದೂ, ಪೆಡಲ್ ತುಳಿದಾಗ ಡ್ಯಾಶ್‌ಬೋರ್ಡ್ ಕೆಳಗೆ "ಸುಸ್ಸ್" ಅಂತ ಗಾಳಿ ಸದ್ದು ನಿಲ್ಲದೆ ಬಂದರೆ ಬೂಸ್ಟರ್ ಹರಿದಿದೆ. ಆಗ ಮಾತ್ರ ಬೂಸ್ಟರ್ ಕೊಳ್ಳಿ.

ಪೆಡಲ್ ಮೆತ್ತಗೆ ಅಥವಾ ಕೆಳಕ್ಕೆ

ಇಲ್ಲಿ ಮೊದಲ ಕೆಲಸ ಸೋರಿಕೆ ಹುಡುಕೋದು. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಪ್ಯಾಡ್ ಸವೆದಂತೆ ಮಟ್ಟ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯೋದು ಸಹಜ. ಒಂದು ವಾರದಲ್ಲೇ ಇಳಿದರೆ ಸೋರಿಕೆ ಇದ್ದೇ ಇದೆ. "ಆಯಿಲ್ ತುಂಬಿಸಿದೆ, ಸರಿಹೋಯ್ತು" ಅನ್ನೋದು ರೋಗ ಮುಚ್ಚಿಟ್ಟ ಹಾಗೆ.

ನಾಲ್ಕೂ ಚಕ್ರದ ಒಳಮೈ, ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಸೇರುವ ಜಾಗ, ಚಾಸಿ ಉದ್ದಕ್ಕೂ ಹೋಗುವ ಕಬ್ಬಿಣದ ಪೈಪ್, ಚಕ್ರದ ಬಳಿ ಇರುವ ರಬ್ಬರ್ ಹೋಸ್ ಎಲ್ಲವನ್ನೂ ನೋಡಿ. ಗೊಬ್ಬರ, ಯೂರಿಯಾ, ಮೀನು, ಉಪ್ಪು ಸಾಗಿಸುವ ಗಾಡಿಗಳಲ್ಲಿ ಕಬ್ಬಿಣದ ಪೈಪ್ ಕ್ಲಿಪ್ಪಿನ ಅಡಿಯಲ್ಲಿ ಬೇಗ ತುಕ್ಕು ಹಿಡಿಯುತ್ತೆ. ಮಣ್ಣು ಮೆತ್ತಿಕೊಂಡಿರೋದರಿಂದ ಕಣ್ಣಿಗೆ ಬೀಳಲ್ಲ. ತೊಳೆದೇ ನೋಡಬೇಕು.

ಹಿಂದಿನ ಡ್ರಮ್ ಬಿಚ್ಚಿದಾಗ ಒಳಗೆ ಹಸಿ ಕಂಡರೆ ಅದು ಯಾವ ಎಣ್ಣೆ ಅಂತ ತಿಳಿಯಬೇಕು. ಎರಡೂ ಸೇರಿಸಿ "ಆಯಿಲ್ ಲೀಕ್" ಅಂದರೆ ತಪ್ಪು ಭಾಗ ಬದಲಾಗುತ್ತೆ. ತೆಳ್ಳಗಿದ್ದು ನೀರಲ್ಲಿ ತೊಳೆದರೆ ಹೋಗುವಂಥದ್ದು ಬ್ರೇಕ್ ಆಯಿಲ್. ಅದು ವೀಲ್ ಸಿಲಿಂಡರಿನಿಂದ ಬಂದದ್ದು. ದಪ್ಪಗೆ, ಗಂಧಕದ ವಾಸನೆ ಇದ್ದು ನೀರಿಗೆ ಹೋಗದಿದ್ದರೆ ಅದು ಹಿಂದಿನ ಆಕ್ಸಲ್ಲಿನ ಗೇರ್ ಆಯಿಲ್; ಆಕ್ಸಲ್ ಸೀಲ್ ಹೋಗಿದೆ. ಯಾವುದೇ ಆಗಲಿ, ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದು, ಸುಟ್ಟು ಮತ್ತೆ ಹಾಕಿಸಬೇಡಿ. ಎರಡೂ ಕಡೆಯ ಲೈನರ್ ಜೋಡಿಯಾಗಿಯೇ ಬದಲಿಸಿ.

ವೀಲ್ ಸಿಲಿಂಡರ್ ಹೊರಗೆ ಒಣಗಿದ್ದರೂ ಅದರ ರಬ್ಬರ್ ಟೋಪಿಯನ್ನು ಮೆಲ್ಲಗೆ ಸರಿಸಿ ನೋಡಿ. ಒಳಗೆ ಆಯಿಲ್ ನಿಂತಿದ್ದರೆ ಸೋರಿಕೆ ಶುರುವಾಗಿದೆ. ಒಂದು ಕಡೆ ಹೋದರೆ ಇನ್ನೊಂದು ಕಡೆಯದೂ ಅಷ್ಟೇ ಹಳೆಯದು, ಎರಡನ್ನೂ ಬದಲಿಸೋದು ಒಳ್ಳೇದು.

ಮಾಸ್ಟರ್ ಸಿಲಿಂಡರ್ ವಿಷಯದಲ್ಲಿ ವಾಷರ್ ಕಿಟ್ ಅಗ್ಗ, ಪೂರ್ತಿ ಸಿಲಿಂಡರ್ ದುಬಾರಿ. ಬಿಚ್ಚಿದಾಗ ಒಳಗೋಡೆ ಕನ್ನಡಿಯಂತೆ ನುಣುಪಾಗಿದ್ದರೆ ಕಿಟ್ ಸಾಕು. ಗೆರೆ, ತುಕ್ಕಿನ ಗುಳಿ ಇದ್ದರೆ ಹೊಸ ವಾಷರ್ ಬೇಗನೇ ಹರಿಯುತ್ತೆ, ಪೂರ್ತಿ ಸಿಲಿಂಡರ್ ಹಾಕಿಸಿ.

ಬ್ರೇಕ್ ಆಯಿಲ್ ನೀರು ಕುಡಿಯುತ್ತೆ

"ಖಾಲಿ ಇದ್ದಾಗ ಸರಿ, ಘಾಟಿ ಇಳಿಯುವಾಗ ಮಾತ್ರ ಪೆಡಲ್ ಹೋಗುತ್ತೆ, ತಣ್ಣಗಾದ ಮೇಲೆ ಮತ್ತೆ ಸರಿ" ಎಂಬ ದೂರಿಗೆ ಹೆಚ್ಚಾಗಿ ಕಾರಣ ಹಳೇ ಬ್ರೇಕ್ ಆಯಿಲ್. ಇದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಡಾಟ್ 4ಕ್ಕೆ ಈ ಅಂಕಿ 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಹಳೇ ಆಯಿಲ್ ಕುದಿದು ಆವಿಯಾಗುತ್ತೆ. ಆಯಿಲನ್ನು ಒತ್ತಿದರೆ ಬಲ ಮುಂದಕ್ಕೆ ಹೋಗುತ್ತೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆ ಅಷ್ಟೇ, ಚಕ್ರಕ್ಕೆ ಏನೂ ತಲುಪಲ್ಲ. ಗ್ಯಾರೇಜಿಗೆ ಬರುವಷ್ಟರಲ್ಲಿ ಆವಿ ಮತ್ತೆ ದ್ರವವಾಗಿರುತ್ತೆ. ಮೆಕ್ಯಾನಿಕ್‌ಗೆ ದೋಷ ಸಿಗದಿರೋದು ಇದಕ್ಕೇ.

ಪರಿಹಾರ ಅಗ್ಗದ್ದು: ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ. ಮಲೆನಾಡು, ಕರಾವಳಿಯ ತೇವದಲ್ಲಿ ಓಡುವ ಗಾಡಿಯಾದರೆ ವರ್ಷಕ್ಕೊಮ್ಮೆ. ಯಾವ ಡಾಟ್ ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತೆ. ಎಂಜಿನ್ ಆಯಿಲ್, ಪವರ್ ಸ್ಟಿಯರಿಂಗ್ ಆಯಿಲ್, ಡೀಸೆಲ್ ಒಂದು ಹನಿಯೂ ಇದಕ್ಕೆ ಸೇರಬಾರದು; ಒಳಗಿನ ಎಲ್ಲಾ ರಬ್ಬರ್ ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತೆ. ತೆರೆದಿಟ್ಟ ಹಳೇ ಬಾಟಲಿಯ ಆಯಿಲ್ ಕೂಡ ಬೇಡ.

ಏರ್ ತೆಗೆಯುವ ಕ್ರಮ

ಇಬ್ಬರು ಬೇಕು. ಒಬ್ಬರು ಪೆಡಲ್ ಮೇಲೆ, ಒಬ್ಬರು ಚಕ್ರದ ಬಳಿ. ಪಾರದರ್ಶಕ ಸಣ್ಣ ಪೈಪ್ ಒಂದು, ಅದರ ತುದಿ ಮುಳುಗುವಷ್ಟು ಹೊಸ ಬ್ರೇಕ್ ಆಯಿಲ್ ಇರುವ ಬಾಟಲಿ ಒಂದು.

- ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡೋದು ವಾಡಿಕೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದೇ ಸರಿ.
- "ತುಳಿ" ಅಂದಾಗ ನಿಧಾನಕ್ಕೆ ತುಳಿದು ಹಿಡಿಯಬೇಕು. ಆಗ ನಿಪ್ಪಲ್ ಸಡಿಲಿಸಿ, ಗುಳ್ಳೆ ಸಹಿತ ಆಯಿಲ್ ಬರಲಿ. ನಿಪ್ಪಲ್ ಬಿಗಿ ಮಾಡಿದ ಮೇಲಷ್ಟೇ "ಬಿಡು" ಅನ್ನಿ. ಗುಳ್ಳೆ ನಿಲ್ಲುವ ತನಕ, ಬಣ್ಣ ತಿಳಿಯಾಗುವ ತನಕ ಹೀಗೇ.
- ಹಳೇ ಗಾಡಿಯಲ್ಲಿ ಪೆಡಲನ್ನು ಪೂರ್ತಿ ನೆಲಕ್ಕೆ ತುಳಿಯಬೇಡಿ. ಮಾಸ್ಟರ್ ಸಿಲಿಂಡರಿನಲ್ಲಿ ವಾಷರ್ ಎಂದೂ ಹೋಗದ ಕೊನೆಯ ಭಾಗದಲ್ಲಿ ತುಕ್ಕು ಇರುತ್ತೆ. ಅಲ್ಲಿಗೆ ಹೋದರೆ ವಾಷರ್ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ.
- ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಖಾಲಿಯಾದರೆ ಮೊದಲಿಂದ ಶುರು.
- ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತೆ. ಬಾಡಿ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಒಂದು ವಿಷಯ ಬಹಳ ಕಡೆ ತಪ್ಪುತ್ತೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಕಡ್ಡಿಯಿಂದ ಜೋಡಿಸಿದ ಒಂದು ವಾಲ್ವ್ ಇರುತ್ತೆ. ಲೋಡ್ ವಾಲ್ವ್ ಅಂತ ಕರೀತಾರೆ. ಚಾಸಿಗೆ ಜಾಕಿ ಕೊಟ್ಟು ಎತ್ತಿ ಹಿಂದಿನ ಚಕ್ರ ತೂಗಾಡುವಾಗ ಈ ವಾಲ್ವ್ ಹಿಂದಕ್ಕೆ ಹೋಗುವ ಆಯಿಲನ್ನು ತಡೆಯುತ್ತೆ, ಏರ್ ಪೂರ್ತಿ ಬರೋದೇ ಇಲ್ಲ. ಇಂಥ ಗಾಡಿಯಲ್ಲಿ ಚಕ್ರ ನೆಲದ ಮೇಲೆ ಭಾರ ಹೊತ್ತಿರುವಾಗಲೇ ಏರ್ ತೆಗೆಯಬೇಕು.

ಎಕ್ಸ್‌ಟ್ರಾ ಪಟ್ಟಿ ಹಾಕಿಸಿದ್ದೀರಾ?

ಅದೇ ಲೋಡ್ ವಾಲ್ವ್ ಬಗ್ಗೆ ಇನ್ನೊಂದು ಮಾತು. ಲೋಡ್ ಹಾಕಿದಾಗ ಬಾಡಿ ಕೆಳಗೆ ಕೂರುತ್ತೆ, ಕಡ್ಡಿ ಮೇಲೇರುತ್ತೆ, "ಭಾರ ಇದೆ" ಅಂತ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತೆ. ಗಾಡಿ ಕೂರಬಾರದು ಅಂತ ನಾವು ಕಮಾನ್ ಪಟ್ಟಿಗೆ ಒಂದೆರಡು ಎಕ್ಸ್‌ಟ್ರಾ ಪಟ್ಟಿ ಸೇರಿಸ್ತೀವಲ್ಲ, ಆಗ ಲೋಡ್ ಹಾಕಿದರೂ ಬಾಡಿ ಕೂರಲ್ಲ. ವಾಲ್ವ್ ಲೆಕ್ಕದಲ್ಲಿ ಗಾಡಿ ಖಾಲಿ! ಹಿಂದಿನ ಬ್ರೇಕ್ ಅರೆಬರೆ ಕೆಲಸ ಮಾಡುತ್ತೆ, ಪೂರ್ತಿ ಹೊರೆ ಮುಂದಿನ ಡಿಸ್ಕ್ ಮೇಲೆ ಬಿದ್ದು ಅದು ಕಾಯುತ್ತೆ, ಪ್ಯಾಡ್ ಬೇಗ ಸವೆಯುತ್ತೆ. ಪಟ್ಟಿ ಹಾಕಿಸಿದ ಗಾಡಿಯಲ್ಲಿ "ಲೋಡ್ ಇದ್ದಾಗ ಬ್ರೇಕ್ ಸಾಲಲ್ಲ" ಎಂಬ ದೂರು ಬಂದರೆ ಮೊದಲು ಇದನ್ನು ಪರಿಶೀಲಿಸಿ. ಕಡ್ಡಿ ತುಂಡಾಗಿದೆಯಾ, ವಾಲ್ವ್ ಕೆಸರು ಮೆತ್ತಿ ಬಿಗಿದುಕೊಂಡಿದೆಯಾ ಅಂತಲೂ ನೋಡಿ. ಕಡ್ಡಿಯನ್ನು ಅಂದಾಜಿನಲ್ಲಿ ಬಗ್ಗಿಸಬೇಡಿ. ಅಳತೆ ತಿಳಿದವರಿಂದ ಸೆಟ್ ಮಾಡಿಸಿ. ಅದಕ್ಕಿಂತ ಒಳ್ಳೇದು, ಮೂಲದಲ್ಲಿ ಎಷ್ಟು ಪಟ್ಟಿ ಇತ್ತೋ ಅಷ್ಟೇ ಇಟ್ಟು, ಆರ್‌ಸಿಯಲ್ಲಿರುವ ತೂಕ ಮೀರದ ಹಾಗೆ ಲೋಡ್ ಹಾಕೋದು.

ಪ್ಯಾಡ್, ಲೈನರ್, ಡ್ರಮ್

ಪ್ಯಾಡಿನ ಉಜ್ಜುವ ಪದರ 3 ಮಿಲಿಮೀಟರ್‌ಗೆ ಬಂದರೆ ಬದಲಿಸಿಬಿಡಿ. ರಿವೆಟ್ ಹೊಡೆದ ಲೈನರ್ ಆದರೆ ರಿವೆಟ್ ತಲೆ ಡ್ರಮ್ಮಿಗೆ ತಾಗುವ ಮೊದಲೇ ಬದಲಾಗಬೇಕು. ಡ್ರಮ್ ಲೇತಿಗೆ ಕೊಡುವ ಮುನ್ನ ಅದರ ಮೇಲೆ ಎರಕದಲ್ಲಿರುವ ಗರಿಷ್ಠ ವ್ಯಾಸದ ಅಂಕಿ ಓದಿಸಿ. ಅದನ್ನು ಮೀರಿದ ಡ್ರಮ್ ಕಾದಾಗ ಹಿಗ್ಗುತ್ತೆ, ಬಿರುಕು ಬಿಡಬಹುದು. ಡಿಸ್ಕಿಗೂ ಹೀಗೇ ಕನಿಷ್ಠ ದಪ್ಪದ ಅಂಕಿ ಇರುತ್ತೆ.

ಲೈನರ್ ಸೆಟ್ ಮಾಡುವಾಗ ಮೊದಲು ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಸಡಿಲಿಸಿ. ಕೈಯಿಂದ ಸೆಟ್ ಮಾಡುವ ವ್ಯವಸ್ಥೆ ಇದ್ದರೆ ಹಲ್ಲಿನ ಚಕ್ರವನ್ನು ತಿರುಗಿಸಿ ಗಾಲಿ ಹಿಡಿದುಕೊಳ್ಳುವ ತನಕ ಬಿಗಿ ಮಾಡಿ, ಆಮೇಲೆ ಸಣ್ಣಗೆ ಉಜ್ಜುವ ಸದ್ದು ಬರುತ್ತಾ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಕೊನೆಗೆ ಕೇಬಲ್ ಬಿಗಿ. ಲೈನರ್ ಸವೆದಿದೆ ಅಂತ ಬರೀ ಕೇಬಲ್ ಎಳೆದು ಕಟ್ಟಿದರೆ ಹ್ಯಾಂಡ್ ಬ್ರೇಕ್ ಹಿಡಿದ ಹಾಗೆ ಕಾಣುತ್ತೆ, ಕಾಲಿನ ಬ್ರೇಕ್ ಸರಿಹೋಗಲ್ಲ. ತಾನೇ ಸೆಟ್ ಆಗುವ ವ್ಯವಸ್ಥೆ ಇದ್ದರೂ ಗದ್ದೆಯ ಕೆಸರು ಸೇರಿ ಅದು ಬಿಗಿದುಕೊಂಡಿರುತ್ತೆ. ಬಿಚ್ಚಿ ಸ್ವಚ್ಛ ಮಾಡಿಸಿ.

ಡ್ರಮ್ ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರಿನಲ್ಲಿ ಕಲ್ನಾರು ಇರಬಹುದು, ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಂದು ಕಡೆಗೆ ಎಳೆಯುತ್ತಿದ್ದರೆ

ಬ್ರೇಕ್ ಹಾಕಿದಾಗ ಗಾಡಿ ಬಲಕ್ಕೆ ಎಳೆದರೆ ಸಾಮಾನ್ಯವಾಗಿ ಎಡಗಡೆಯ ಬ್ರೇಕ್ ಹಿಡೀತಿಲ್ಲ ಅಂತ. ಮೊದಲು ಎರಡೂ ಮುಂದಿನ ಟೈರ್ ಗಾಳಿ ಸಮ ಇದೆಯಾ ನೋಡಿ. ಆಮೇಲೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಅಂಗೈ ಹಿಂಭಾಗವನ್ನು ಚಕ್ರದ ಹತ್ತಿರ, ಮುಟ್ಟದ ಹಾಗೆ, ಹಿಡಿಯಿರಿ. ಒಂದು ಚಕ್ರ ತಣ್ಣಗಿದ್ದರೆ ಅಲ್ಲಿ ಬ್ರೇಕ್ ಕೆಲಸ ಮಾಡ್ತಿಲ್ಲ. ಒಂದು ಮಾತ್ರ ಕೆಂಡದಂತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿರಬಹುದು. ಇಲ್ಲವೇ ಹಳೇ ರಬ್ಬರ್ ಹೋಸ್ ಒಳಗಿಂದ ಊದಿಕೊಂಡು, ಹೋದ ಆಯಿಲನ್ನು ಹಿಂದಕ್ಕೆ ಬಿಡದೆ ಹಿಡಿದಿರಬಹುದು. ಹೊರಗಿಂದ ಹೋಸ್ ಚೆನ್ನಾಗೇ ಕಾಣುತ್ತೆ, ಅದಕ್ಕೇ ಇದು ಯಾರ ಕಣ್ಣಿಗೂ ಬೀಳದ ದೋಷ.

ರಿಪೇರಿ ಆದ ಮೇಲೂ ಘಾಟಿ ಘಾಟಿಯೇ

ಚಾರ್ಮಾಡಿ, ಶಿರಾಡಿ, ಆಗುಂಬೆ ಇಳಿಯುವವರು ಈ ಲೆಕ್ಕ ನೆನಪಿಡಿ. ಲೋಡ್ ಸೇರಿ 3,000 ಕಿಲೋ ತೂಗುವ ಪಿಕಪ್ ಕೇವಲ 100 ಮೀಟರ್ ಎತ್ತರ ಇಳಿದರೆ ಹುಟ್ಟುವ ಶಕ್ತಿ, 10 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸುವಷ್ಟು. ಎಂಜಿನ್ ಪಾಲು ತೆಗೆದುಕೊಳ್ಳದಿದ್ದರೆ ಅದರ ಬಹುಪಾಲು ಬ್ರೇಕಿನ ತಲೆ ಮೇಲೇ ಬರುತ್ತೆ. ವೇಗದ ಲೆಕ್ಕವೂ ಅಷ್ಟೇ: 40ರ ಬದಲು 60 ಕಿಲೋಮೀಟರ್ ವೇಗದಲ್ಲಿ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು.

ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿಗೆ ಒಂದು ಮಾತು: ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಂಜಿನ್ನಿಗೆ ಡೀಸೆಲ್ ಹೋಗೋದು ಬಹುತೇಕ ನಿಂತೇ ಹೋಗುತ್ತೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡೋಕೆ ಡೀಸೆಲ್ ಬೇಕೇ ಬೇಕು. ಜೊತೆಗೆ ವ್ಯಾಕ್ಯೂಮ್ ಪಂಪ್ ನಿಧಾನವಾಗುತ್ತೆ. ಕೀ ಆಫ್ ಮಾಡಿದರಂತೂ ಬೂಸ್ಟರಿನ ಸಹಾಯವೇ ಇಲ್ಲ. ಉಳಿತಾಯ ಸೊನ್ನೆ, ಅಪಾಯ ಪೂರ್ತಿ.

ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಕಾದ ಡ್ರಮ್, ಡಿಸ್ಕಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತೆ. ಹಳ್ಳ ದಾಟಿದ ಮೇಲೆ ಮಾತ್ರ ಸ್ವಲ್ಪ ದೂರ ಹಗುರಾಗಿ ಬ್ರೇಕ್ ಒತ್ತುತ್ತಾ ಹೋಗಿ, ಲೈನರ್ ಒಣಗುತ್ತೆ. ಓಡುವಾಗಲೇ ಪೆಡಲ್ ಹೋದರೆ ಕೀ ಆಫ್ ಮಾಡಬೇಡಿ. ಪೆಡಲನ್ನು ಪಟಪಟ ತುಳಿಯುತ್ತಾ ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದು ಹಂತಹಂತವಾಗಿ ಎಳೆಯಿರಿ, ಗುಡ್ಡದ ಬದಿಗೆ ಗಾಡಿ ತಾಗಿಸಿ.

ಗ್ಯಾರೇಜಿನಲ್ಲಿ ಏನು ಹೇಳಬೇಕು

"ಬ್ರೇಕ್ ಸರಿಯಿಲ್ಲ, ನೋಡಿ" ಅನ್ನಬೇಡಿ. ನೀವು ಬರೆದಿಟ್ಟ ಚೀಟಿ ಕೊಡಿ.

- ಸ್ಟಾರ್ಟ್ ಮಾಡಿದಾಗ ಪೆಡಲ್ ಇಳಿಯಲ್ಲ: ಬೆಲ್ಟ್, ಪಂಪ್, ಪೈಪ್, ವಾಲ್ವ್, ಕೊನೆಗೆ ಬೂಸ್ಟರ್.
- ಒತ್ತಿ ಹಿಡಿದರೆ ನಿಧಾನಕ್ಕೆ ಕುಸಿಯುತ್ತೆ, ಹೊರಗೆ ಲೀಕ್ ಇಲ್ಲ: ಮಾಸ್ಟರ್ ಸಿಲಿಂಡರ್.
- ಎರಡನೇ ತುಳಿತಕ್ಕೆ ಮೇಲೆ ಬಂದು ಗಟ್ಟಿಯಾಗುತ್ತೆ: ಹಿಂದಿನ ಲೈನರ್ ಸೆಟ್ಟಿಂಗ್.
- ಮೇಲೆ ಬಂದರೂ ಮೆತ್ತಗೆ: ಗಾಳಿ.
- ಕಾದಾಗ ಮಾತ್ರ ಪೆಡಲ್ ಹೋಗುತ್ತೆ: ಹಳೇ ಆಯಿಲ್.
- ಪೆಡಲ್ ಎತ್ತರ ಸರಿ, ಕಾದಾಗ ವಾಸನೆ ಬಂದು ಹಿಡಿಯಲ್ಲ: ಲೈನರ್, ಪ್ಯಾಡ್ ಬೆಂದಿದೆ; ಓವರ್‌ಲೋಡ್, ಲೋಡ್ ವಾಲ್ವ್ ನೋಡಿಸಿ.

ಬೆಲ್ಟ್ ನೋಡೋದು, ಪೈಪ್ ಪರೀಕ್ಷೆ, ಆಯಿಲ್ ಮಟ್ಟ, ಸೋರಿಕೆ ಹುಡುಕೋದು ನೀವೇ ಮಾಡಬಹುದು. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್, ಡ್ರಮ್ ಬಿಚ್ಚಿ ಜೋಡಿಸೋದನ್ನು ಕೆಲಸ ಬಲ್ಲವರಿಗೆ ಬಿಡಿ, ಆದರೆ ಪಕ್ಕದಲ್ಲಿ ನಿಂತು ಹಳೇ ಭಾಗ ನೋಡಿ. ಕೆಲಸ ಮುಗಿದ ಮೇಲೆ ಐದೂ ಪರೀಕ್ಷೆ ಅಲ್ಲೇ ಮತ್ತೊಮ್ಮೆ ಮಾಡಿ, ಖಾಲಿ ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ನಿಲ್ಲಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಇದೆ ನಿಜ. ಆದರೆ ಅದು ಆ ಒಂದು ದಿನದ ಪರೀಕ್ಷೆ. ಉಳಿದ 364 ದಿನ ಪರೀಕ್ಷೆ ಮಾಡಬೇಕಾದವರು ನಾವೇ. ವಾರಕ್ಕೊಮ್ಮೆ ಆಯಿಲ್ ಮಟ್ಟ ಮತ್ತು ಬೆಲ್ಟ್, ಲೋಡ್ ಹಾಕುವ ಪ್ರತಿ ಸಲ ಪರೀಕ್ಷೆ 1 ಮತ್ತು 4. ಎರಡು ನಿಮಿಷದ ಕೆಲಸ. ಮತ್ತೆ, ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಕೂಲಿಯವರನ್ನು ಹಿಂದೆ ಲೋಡಿನ ಮೇಲೆ ಕೂರಿಸಿಕೊಂಡು ಬರಬೇಡಿ. ಅದು ಕಾನೂನಿಗೂ ವಿರುದ್ಧ. ಗಾಡಿ ದಿಢೀರನೆ ನಿಂತರೂ, ನಿಲ್ಲದಿದ್ದರೂ ಮೊದಲು ಪೆಟ್ಟು ತಿನ್ನೋರು ಅವರೇ.